ಭಾವನ ಫೋನಿಗೆ ಬರುವ ಕೋಡ್

"ಭಾವ, ಕೋಡ್ ಬಂತಾ?"

"ಬಂತು," ಅಂದ ಬ್ಯಾಪ್ಟಿಸ್ಟ್ ಫೋನಿನ ಆ ಕಡೆಯಿಂದ. "ನೀನೆಲ್ಲಿದ್ದೀಯ?"

"ಮನೇಲಿ. ಲ್ಯಾಪ್‌ಟಾಪ್ ಮುಂದೆ. ಬೇಗ ಹೇಳಿಬಿಡಿ ಭಾವ, ಸ್ವಲ್ಪ ಹೊತ್ತಾದ್ರೆ ಅದು ಕೆಲಸಕ್ಕೆ ಬರಲ್ಲ."

"ಮನೇಲಿ ಕೂತು ಏನು ಮಾಡ್ತೀಯ? ಇಲ್ಲಿಗೇ ಬಾ. ಕಸದ ಬಿನ್ನುಗಳು ರಸ್ತೇಲೇ ನಿಂತಿವೆ, ಒಳಗೆ ಎಳೀಬೇಕು. ಹಿತ್ತಲಲ್ಲಿ ಹುಲ್ಲೂ ಬೆಳೆದಿದೆ. ಅದೆಲ್ಲ ಮುಗಿಸು, ಆಮೇಲೆ ಇನ್ನೊಂದು ಕೋಡ್ ತರಿಸಿದ್ರಾಯ್ತು. ಸರ್ಕಾರದ ಹತ್ರ ಕೋಡಿಗೇನು ಬರಗಾಲವೇ?"

ಮರ್ವಿನ್ ಲ್ಯಾಪ್‌ಟಾಪ್ ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಭಾವನ ಮನೆಯಿದ್ದ ಪಿಯಾರಾ ವಾಟರ್ಸ್‌ಗೆ ಹೊರಟ.

ಹದಿನೈದು ದಿನಕ್ಕೊಮ್ಮೆ ಅವನು ಸರ್ಕಾರದ ವೆಬ್‌ಸೈಟಿಗೆ ಹೋಗಿ ತಾನಿನ್ನೂ ನಿರುದ್ಯೋಗಿ ಎಂದು ಹೇಳಿಕೊಳ್ಳಬೇಕಿತ್ತು. ಕೆಲಸ ಮಾಡಿದಿರಾ? ಇಲ್ಲ. ಹೆಂಡತಿ ಎಷ್ಟು ದುಡಿದರು? ಇಷ್ಟು. ಕೆಲಸ ಹುಡುಕಿದಿರಾ? ಹುಡುಕಿದೆ. ಇಷ್ಟು ಹೇಳಿದರೆ ನಿರುದ್ಯೋಗ ಭತ್ಯೆ ಬ್ಯಾಂಕಿಗೆ ಬೀಳುತ್ತದೆ, ಹೇಳದಿದ್ದರೆ ನಿಲ್ಲುತ್ತದೆ. ಒಳಗೆ ಹೋಗಲು ಪಾಸ್‌ವರ್ಡ್ ಒಂದೇ ಸಾಲದು. ಅದಾದ ಮೇಲೆ ಫೋನಿಗೊಂದು ಆರಂಕಿಯ ಕೋಡ್ ಬರುತ್ತದೆ, ಅದನ್ನೂ ಒತ್ತಬೇಕು. ಮರ್ವಿನ್‌ನ ಖಾತೆಯ ಕೋಡ್ ಬರುತ್ತಿದ್ದದ್ದು ಅವನ ಹೆಂಡತಿ ಗ್ಲೋರಿಯಾಳ ಅಣ್ಣ ಬ್ಯಾಪ್ಟಿಸ್ಟ್‌ನ ಫೋನಿಗೆ.

ಗಣಿಗಳ ಭರಾಟೆ ಇಳಿದು ಪರ್ತ್ ಊರಿಗೆ ಊರೇ ಮಂಕಾಗಿದ್ದ ಕಾಲ ಅದು. ೨೦೧೬ರ ಶುರುವಿನಲ್ಲಿ ವೆಲ್ಷ್‌ಪೂಲ್‌ನ ಗೋದಾಮು ಮುಚ್ಚಿತು. ಗಣಿಗಳಿಗೆ ಬಿಡಿಭಾಗ ಕಳಿಸುವ ಗೋದಾಮು. ಅಲ್ಲಿ ಲಾರಿಗಳಿಗೆ ಮಾಲು ಹೇರಿಸುವ ಉಸ್ತುವಾರಿ ಮರ್ವಿನ್‌ನದು. ಆ ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಬ್ಯಾಪ್ಟಿಸ್ಟ್ ನೇರವಾಗಿ ತಂಗಿಯ ಮನೆಗೆ ಬಂದ. ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡ.

"ಪಾಸ್‌ಪೋರ್ಟ್ ಕೊಡು, ಲೈಸೆನ್ಸ್ ಕೊಡು. ನೀನು ಹೋಗಿ ಟೀ ಮಾಡು."

ಟೀ ಕುದಿಯುವಷ್ಟರಲ್ಲಿ ಖಾತೆ ತಯಾರಾಗಿತ್ತು. ಇಮೇಲ್ ಬ್ಯಾಪ್ಟಿಸ್ಟ್ ಹೊಸದಾಗಿ ಮಾಡಿದ್ದು, ಫೋನ್ ನಂಬರ್ ಬ್ಯಾಪ್ಟಿಸ್ಟ್‌ನದು. "ಇಂಗ್ಲಿಷಲ್ಲಿ ಏನಾದ್ರೂ ಕೇಳಿದ್ರೆ ನೀನು ತಬ್ಬಿಬ್ಬಾಗ್ತೀಯ, ನನಗೇ ಬರಲಿ," ಅಂದ. ಮರ್ವಿನ್‌ಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ನಿಜ ಹೇಳಬೇಕೆಂದರೆ ಎದೆಯ ಭಾರ ಇಳಿದಂತಾಯಿತು.

ಗಲ್ಫ್ ಕಂಡವರಿಗೆ ಇದು ಅರ್ಥವಾಗುತ್ತದೆ. ಮೂಡುಬಿದಿರೆ ಬಿಟ್ಟು ಕುವೈತಿಗೆ ಹೋದ ದಿನವೇ ಅವನ ಪಾಸ್‌ಪೋರ್ಟ್ ಕಂಪನಿಯ ಕಬ್ಬಿಣದ ಕಪಾಟು ಸೇರಿತ್ತು. ಊರಿಗೆ ರಜೆಯ ಮೇಲೆ ಹೋಗುವಾಗ ಸಹಿ ಹಾಕಿ ತೆಗೆದುಕೊಳ್ಳುವುದು, ಬಂದ ದಿನವೇ ವಾಪಸ್ ಒಪ್ಪಿಸುವುದು. ವೀಸಾ, ಗುರುತಿನ ಚೀಟಿ, ಆಸ್ಪತ್ರೆಯ ಕಾರ್ಡು ಎಲ್ಲವನ್ನೂ ಕಂಪನಿಯ ಈಜಿಪ್ಟಿನವನೊಬ್ಬ ನೋಡಿಕೊಳ್ಳುತ್ತಿದ್ದ. ಹಾಗೆ ವರ್ಷಗಟ್ಟಲೆ ಬದುಕಿದವನಿಗೆ ತನ್ನ ಕಾಗದ ತನ್ನ ಹತ್ತಿರವೇ ಇದ್ದರೆ ನಿದ್ದೆ ಬರುವುದಿಲ್ಲ. ಪರ್ತ್‌ಗೆ ಬಂದ ಮೇಲೂ ಮೊದಲೆರಡು ವರ್ಷ ಗಂಡ, ಹೆಂಡತಿ, ಮಗಳು ಮೂವರ ಪಾಸ್‌ಪೋರ್ಟೂ ಭಾವನ ಬೀರುವಿನಲ್ಲಿದ್ದವು. ಯಾರೂ ಕೇಳಿರಲಿಲ್ಲ, ಅವನೇ ಕೊಟ್ಟಿದ್ದ.

ಮೊದಲ ತಿಂಗಳು ಬ್ಯಾಪ್ಟಿಸ್ಟ್ ಕೋಡನ್ನು ಮೆಸೇಜಿನಲ್ಲಿ ಕಳಿಸುತ್ತಿದ್ದ. ಆಮೇಲೆ ಫೋನ್ ಮಾಡಿ ಕೇಳಬೇಕಾಯಿತು. ಆಮೇಲೆ ಮನೆಗೆ ಹೋಗಬೇಕಾಯಿತು. ಹೋದಾಗಲೆಲ್ಲ ಒಂದು ಕೆಲಸ. ಬೇಲಿಗೆ ಬಣ್ಣ, ಗಟಾರದ ಎಲೆ, ಗ್ಯಾರೇಜಿನ ಧೂಳು, ಏರ್‌ಪೋರ್ಟಿಗೊಬ್ಬ ನೆಂಟನನ್ನು ಬಿಡುವುದು. ಅಣ್ಣ ತಂಗಿ ಇಬ್ಬರೂ ಮೈಸೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವರು. ಮನೆಮಾತು ಕೊಂಕಣಿಯಾದರೂ ಕೆಲಸ ಹೇಳುವಾಗ ಬ್ಯಾಪ್ಟಿಸ್ಟ್‌ಗೆ ಕನ್ನಡವೇ ಸಲೀಸು. ಹೆಂಡತಿ ತೀರಿಕೊಂಡ ಮೇಲೆ ಆ ದೊಡ್ಡ ಮನೆಯಲ್ಲಿ ಅವನು, ಮಗ ಆರನ್, ಮತ್ತೆ ಪಾರ್ಶ್ವವಾಯು ಬಡಿದು ಮಲಗಿದ್ದ ತಾಯಿ ಐಡಾ. ತಾಯಿಯ ಕೆಲಸ ಗ್ಲೋರಿಯಾಳದು. ಅವಳು ಒಂದು ವೃದ್ಧಾಶ್ರಮದಲ್ಲಿ ದಿನವಿಡೀ ಮುದುಕರ ಮೈ ತೊಳೆದು, ಅಲ್ಲಿಂದ ಸೀದಾ ಅಣ್ಣನ ಮನೆಗೆ ಬಂದು ತಾಯಿಯ ಮೈ ತೊಳೆದು, ಊಟ ಮಾಡಿಸಿ, ಆಮೇಲೆ ತನ್ನ ಮನೆಗೆ ಬಂದು ಅಡುಗೆ ಮಾಡುತ್ತಿದ್ದಳು. ವರ್ಷದಿಂದ ಹೀಗೇ ನಡೆದಿತ್ತು. ಬ್ಯಾಪ್ಟಿಸ್ಟ್‌ಗೆ ಅದು ಕೆಲಸ ಎಂದೇ ಅನ್ನಿಸಿರಲಿಲ್ಲ.

ಒಂದು ಸಲ ಮರ್ವಿನ್ ಬಾಯಿಬಿಟ್ಟು ಕೇಳಿದ. "ಭಾವ, ನಂಬರ್ ನನ್ನದಕ್ಕೆ ಬದಲಾಯಿಸಿಕೊಳ್ಳಲಾ? ನಿಮಗೂ ಸುಮ್ಮನೆ ತೊಂದರೆ."

ಬ್ಯಾಪ್ಟಿಸ್ಟ್ ಕನ್ನಡಕ ಹಣೆಯ ಮೇಲೆ ಏರಿಸಿದ. "ಬದಲಾಯಿಸು. ಆಫೀಸಿಗೆ ಹೋಗು. ಇಷ್ಟು ದಿನ ಇದು ಯಾರ ನಂಬರ್ ಅಂತ ಕೇಳ್ತಾರೆ. ಏನು ಹೇಳ್ತೀಯ?"

"ಭಾವನದು ಅಂತ."

"ಸುಳ್ಳು ಮಾಹಿತಿ ಕೊಟ್ಟು ಸರ್ಕಾರದ ದುಡ್ಡು ತಿಂದೆ ಅಂತ ಬರ್ಕೋತಾರೆ. ಭತ್ಯೆ ನಿಲ್ಲುತ್ತೆ, ಕೇಸ್ ಬೀಳುತ್ತೆ. ಪೇಪರಲ್ಲಿ ಓದಿಲ್ವಾ? ನಿನಗೆ ಧೈರ್ಯ ಇದ್ರೆ ಹೋಗು, ನನಗೇನು."

ಕೇಸ್ ಅಂದ ಕೂಡಲೇ ಮರ್ವಿನ್‌ಗೆ ಕುವೈತಿನ ರೂಮಿನಲ್ಲಿದ್ದ ಗದಗಿನ ಬಸಣ್ಣ ನೆನಪಾದ. ಮಾಲೀಕನ ಹತ್ತಿರ ಸಿಟ್ಟು ಮಾಡಿಕೊಂಡು ಬೇರೆ ಕಡೆ ಕೆಲಸಕ್ಕೆ ಹೋದವನ ಮೇಲೆ ಮಾಲೀಕ ಪರಾರಿ ಕೇಸ್ ಹಾಕಿದ. ಪೊಲೀಸರು ಬೆಳಗಿನ ಜಾವ ಬಂದು ಲುಂಗಿಯಲ್ಲೇ ಎಳೆದುಕೊಂಡು ಹೋದರು. ಮತ್ತೆ ಅವನು ಕಾಣಲಿಲ್ಲ, ಅವನ ಚಪ್ಪಲಿ ತಿಂಗಳಾನುಗಟ್ಟಲೆ ಬಾಗಿಲಲ್ಲೇ ಇದ್ದವು. ಇದು ಆಸ್ಟ್ರೇಲಿಯಾ, ಇಲ್ಲಿ ಹಾಗೆಲ್ಲ ಇಲ್ಲ ಎಂದು ಮರ್ವಿನ್‌ನ ತಲೆಗೆ ಗೊತ್ತಿತ್ತು. ಹೊಟ್ಟೆಗೆ ಗೊತ್ತಿರಲಿಲ್ಲ. ನಂಬರಿನ ಮಾತು ಅಲ್ಲಿಗೇ ಬಿಟ್ಟ.

ಆರನ್‌ಗೆ ಬ್ರಿಸ್ಬೇನಿನ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಬ್ಯಾಪ್ಟಿಸ್ಟ್ ಹಿತ್ತಲಲ್ಲಿ ಬಾರ್ಬಿ, ಅಂದರೆ ಬಯಲಲ್ಲೇ ಸುಟ್ಟು ತಿನ್ನುವ ಔತಣ, ಇಟ್ಟುಕೊಂಡ. ಒಲೆಯ ಮುಂದೆ ಇಕ್ಕಳ ಹಿಡಿದು ನಿಂತವನು ಮರ್ವಿನ್. ಬಂದವರಲ್ಲಿ ಡಾಕ್ಟರ್ ಚಂದ್ರಮೌಳಿ, ಅವರ ಹೆಂಡತಿ ಅಹಲ್ಯಾ ಇದ್ದರು. ಅವರಿಗಾಗಿ ಬೇರೆ ತಟ್ಟೆಯಲ್ಲಿ ಜೋಳದ ತೆನೆ, ಪನೀರು. ಭತ್ಯೆಗೆ ವಿವರ ತುಂಬುವ ದಿನ ಕಳೆದು ಹೋಗಿತ್ತು, ಬ್ಯಾಪ್ಟಿಸ್ಟ್‌ಗೆ ಪುರುಸೊತ್ತಿರಲಿಲ್ಲ. ಇವತ್ತಾದರೂ ತುಂಬದಿದ್ದರೆ ಬಾಡಿಗೆಗೆ ಕಷ್ಟ. ಮರ್ವಿನ್ ಒಲೆಯ ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಿದ್ದ. ಕೋಡ್ ಹೋಯಿತು. ಮೇಜಿನ ತಲೆಯಲ್ಲಿ ಕೂತ ಬ್ಯಾಪ್ಟಿಸ್ಟ್‌ನ ಫೋನ್ ಗುಂಯ್ ಅಂದಿತು.

"ಡಾಕ್ಟ್ರೇ, ನಾವು ಕಟ್ಟೋ ಟ್ಯಾಕ್ಸ್ ಎಲ್ಲಿಗೆ ಹೋಗುತ್ತೆ ಅಂತ ಆಗ ಕೇಳ್ತಿದ್ರಲ್ಲ," ಅಂದ ಅವನು ಫೋನ್ ಎತ್ತಿ ತೋರಿಸುತ್ತ. "ನೋಡಿ, ಅಲ್ಲಿ ಸಾಸೇಜ್ ಸುಡ್ತಾ ನಿಂತಿದೆ."

ಚಂದ್ರಮೌಳಿ ನಕ್ಕರು. ಊಟ ಹಾಕಿದವನ ಮಾತಿಗೆ ನಗಬೇಕಾಗುತ್ತದೆ.

"ಹೇಳಿ ಭಾವ," ಅಂದ ಮರ್ವಿನ್.

"ಮೊದಲನೇದು ನಾಲ್ಕು. ಎರಡನೇದು... ಡಾಕ್ಟರಿಗೆ ಇನ್ನೊಂದು ಜೋಳ ಕೊಡು, ಹೇಳ್ತೀನಿ."

ಮರ್ವಿನ್ ಜೋಳ ಕೊಟ್ಟು ಬಂದ.

"ಒಂದು. ಮೂರನೇದೂ ಒಂದು. ನಾಲ್ಕನೇದಕ್ಕೆ ಆರನ್‌ಗೊಂದು ಕೋಕ್."

ಕೋಕ್ ಬಂತು. ಆರನ್ ಫೋನಿನಿಂದ ತಲೆ ಎತ್ತದೆ ಕೈ ಚಾಚಿದ.

"ಒಂಬತ್ತು. ಐದನೇದು ಹೇಳೋಕೆ ಮುಂಚೆ ಡಾಕ್ಟರಿಗೊಂದು ಥ್ಯಾಂಕ್ಸ್ ಹೇಳು. ಅವರ ಸಂಬಳದಿಂದಲೇ ನಿನ್ನ ಊಟ."

"ಬಿಡಿ ಬ್ಯಾಪ್ಟಿಸ್ಟ್, ಪಾಪ," ಅಂದರು ಅಹಲ್ಯಾ.

"ಪಾಪ ಯಾಕೆ? ಅವನಿಗೇ ಅಭ್ಯಾಸ ಇದೆ. ಅಲ್ವೇನೋ ಮರ್ವಿನ್?"

"ಥ್ಯಾಂಕ್ಸ್ ಡಾಕ್ಟ್ರೇ," ಅಂದ ಮರ್ವಿನ್.

"ಅಯ್ಯೋ, ಅದೆಲ್ಲ ಏನಕ್ಕಪ್ಪ," ಅಂದರು ಚಂದ್ರಮೌಳಿ. ಅಂದು ಜೋಳಕ್ಕೆ ಉಪ್ಪು ಹಚ್ಚಿಕೊಂಡರು.

ಆರನೇ ಅಂಕಿ ಬರುವ ಹೊತ್ತಿಗೆ ಪರದೆಯ ಮೇಲೆ ಕೆಂಪು ಸಾಲೊಂದು ಬಂದಿತ್ತು: ಸಮಯ ಮೀರಿದೆ, ಹೊಸ ಕೋಡ್ ತರಿಸಿಕೊಳ್ಳಿ. ಸಾಸೇಜು ಒಂದು ಕಡೆ ಕರಕಲಾಗಿತ್ತು. ಅದಕ್ಕೂ ಬೈಸಿಕೊಂಡ. ತಾಯಿಗೆ ಗಂಜಿ ತಿನ್ನಿಸಿ ಬಟ್ಟಲು ಹಿಡಿದು ಬಂದ ಗ್ಲೋರಿಯಾ ಗಾಜಿನ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಬಟ್ಟಲು ತೊಳೆಯಲು ಒಳಗೆ ಹೋದಳು.

ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗಳು ವೆನೆಸ್ಸಾ ಅಂದಳು, "ಡ್ಯಾಡ್, ಜಸ್ಟ್ ಚೇಂಜ್ ದ ನಂಬರ್."

"ಅದು ನೀನು ಅಂದ್ಕೊಂಡಷ್ಟು ಸುಲಭ ಅಲ್ಲ ಮಗಳೇ."

"ಇಟ್ ಈಸ್ ಈಸಿ."

ಗ್ಲೋರಿಯಾ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ನಿದ್ದೆಯೋ, ಅಲ್ಲವೋ.

ಅದಾದ ವಾರಕ್ಕೆ ಅಡಿಲೇಡಿನಿಂದ ಫೋನ್ ಬಂತು. ಬಾಲಕೃಷ್ಣ, ವೆಲ್ಷ್‌ಪೂಲ್‌ನಲ್ಲಿ ಮರ್ವಿನ್‌ನ ಮೇಲಿನವನಾಗಿದ್ದವನು. ಈಗ ಅಲ್ಲಿ ವೈನ್ ಬಾಟಲಿಗಳ ದೊಡ್ಡ ಗೋದಾಮಿನ ಉಸ್ತುವಾರಿ.

"ರಾತ್ರಿ ಪಾಳಿಗೆ ಒಬ್ಬ ನೆಟ್ಟಗಿರೋ ಮನುಷ್ಯ ಬೇಕು ಮರ್ವಿನ್. ಕಾಯಂ ಕೆಲಸ. ಲೋಡಿಂಗ್ ನಿನ್ನಷ್ಟು ಚೆನ್ನಾಗಿ ಮಾಡಿಸೋನು ಇಲ್ಲಿ ಯಾರೂ ಸಿಕ್ಕಿಲ್ಲ ನನಗೆ. ಬರ್ತೀಯಾ?"

"ಬರ್ತೀನಿ," ಅಂದ ಮರ್ವಿನ್. ಒಳ್ಳೆಯ ಮಾತು ಕೇಳಿ ಬಹಳ ದಿನವಾಗಿತ್ತು.

ಕೆಲಸ ಕೊಡುವುದು ನಿರುದ್ಯೋಗಿಗಳಿಗಾಗಿ ಸರ್ಕಾರ ಗೊತ್ತುಮಾಡಿದ ಏಜೆನ್ಸಿಯ ಮೂಲಕ. ಏಜೆನ್ಸಿಯ ಹೆಂಗಸು ವಿವರಿಸಿದಳು: ಸಾಮಾನು ಸಾಗಿಸುವ ಖರ್ಚನ್ನೂ ಕೊಡಿಸುತ್ತೇವೆ, ಆದರೆ ಎಲ್ಲ ನಿಮ್ಮ ಭತ್ಯೆಯ ಆನ್‌ಲೈನ್ ಖಾತೆಯಲ್ಲೇ ಇದೆ, ಒಳಗೆ ಹೋಗಿ, ಹೆಂಡತಿಯ ಸಂಬಳದ ವಿವರ ತುಂಬಿ, ಒಪ್ಪಿದೆ ಎಂದು ಒತ್ತಬೇಕು. ಮುಂದಿನ ಶುಕ್ರವಾರ ಸಂಜೆ ಐದರೊಳಗೆ. ಆಮೇಲೆ ಅದು ತಾನಾಗಿ ಮುಚ್ಚಿಕೊಂಡು ಮುಂದಿನ ಹೆಸರಿಗೆ ಹೋಗುತ್ತದೆ. ತಡವಾದರೆ ನಾನೇನೂ ಮಾಡಲಾರೆ.

ಆವತ್ತು ಮಲಗುವಾಗ ಹೆಂಡತಿಗೆ ಹೇಳಿದ. ಗ್ಲೋರಿಯಾ ಕೈಗೆ ಕ್ರೀಮ್ ಹಚ್ಚಿಕೊಳ್ಳುತ್ತಿದ್ದಳು. ನೀರಲ್ಲೇ ಇದ್ದು ಬೆರಳ ಸಂದುಗಳು ಒಡೆದಿದ್ದವು.

"ಅಮ್ಮ?" ಅಂದಳು.

"ನಿಮ್ಮಣ್ಣ ನೋಡ್ಕೋತಾರೆ. ಅವರಿಗೂ ಅಮ್ಮನೇ ತಾನೆ?"

"ಅಣ್ಣ ಒಂದು ಸಲ ಡೈಪರ್ ಬದಲಾಯಿಸಿಲ್ಲ."

"ಕಲೀತಾರೆ. ಇಲ್ಲಾಂದ್ರೆ ಆಳು ಇಡ್ತಾರೆ. ನೀನು ಮಾತ್ರ ಅವರ ಹತ್ರ ಬಾಯಿಬಿಡಬೇಡ. ಕೋಡ್ ಕೈಗೆ ಬಂದ ಮೇಲೆ ನಾನೇ ಹೇಳ್ತೀನಿ."

ಅವಳು ದೀಪ ಆರಿಸಿದಳು.

ಮಂಗಳವಾರ ಬ್ಯಾಪ್ಟಿಸ್ಟ್ ಮಗನನ್ನು ಕರೆದುಕೊಂಡು ಬ್ರಿಸ್ಬೇನಿಗೆ ಹೊರಟ. ಅಲ್ಲಿಯ ಟೂವಾಂಗ್‌ನಲ್ಲಿ ಇನ್ನಿಬ್ಬರು ಹುಡುಗರ ಜೊತೆ ಆರನ್‌ಗೆ ಫ್ಲಾಟ್ ಗೊತ್ತಾಗಿತ್ತು, ಮಂಚ ಜೋಡಿಸುವುದರಿಂದ ಹಿಡಿದು ಫ್ರಿಜ್ ಕೊಳ್ಳುವವರೆಗೆ ಅಪ್ಪನೇ ಆಗಬೇಕು. ಆ ವಾರ ಗ್ಲೋರಿಯಾ ಕೆಲಸಕ್ಕೆ ರಜೆ ಹಾಕಿ ಹಗಲೆಲ್ಲ ತಾಯಿಯ ಹತ್ತಿರ ಓಡಾಡಿಕೊಂಡಿದ್ದು, ರಾತ್ರಿ ಅಲ್ಲೇ ಮಲಗುತ್ತಿದ್ದಳು. ಬುಧವಾರವೆಲ್ಲ ಮರ್ವಿನ್ ಫೋನ್ ಮಾಡಿದ, ಆ ಕಡೆ ಎತ್ತಲಿಲ್ಲ. ಗುರುವಾರ ಮಧ್ಯಾಹ್ನ ಎತ್ತಿದ.

"ಭಾವ, ರಿಪೋರ್ಟ್ ಮಾಡೋದಿತ್ತು. ಈಗ ಕೋಡ್ ಬಂದಿರಬೇಕು, ನೋಡ್ತೀರಾ?"

"ಅಡಿಲೇಡಲ್ಲಿ ಚಳಿ ಜಾಸ್ತಿ ಅಂತಾರೆ," ಅಂದ ಬ್ಯಾಪ್ಟಿಸ್ಟ್.

ಮರ್ವಿನ್ ಲ್ಯಾಪ್‌ಟಾಪಿನಿಂದ ಕೈ ತೆಗೆದ.

"ನನ್ನ ತಂಗಿ ನನ್ನ ಹತ್ರ ಏನನ್ನೂ ಮುಚ್ಚಿಡಲ್ಲ. ನೀನು ಕಲಿಸಿಕೊಟ್ಟರೂ ಅವಳಿಗೆ ಬರಲ್ಲ." ಹಿಂದೆ ಯಾರೋ ಮೊಳೆ ಹೊಡೆಯುವ ಸದ್ದು. "ಕೋಡ್ ಬಂದಿದೆ. ಕಣ್ಣೆದುರಿಗೇ ಇದೆ. ಚೆನ್ನಾಗಿದೆ ಈ ಸಲದ್ದು, ಎರಡು ಏಳು ಇವೆ."

"ಭಾವ, ದಯವಿಟ್ಟು. ಕಾಯಂ ಕೆಲಸ. ಇನ್ಮೇಲೆ ಯಾರ ಹತ್ರಾನೂ ಕೈ ಚಾಚೋ ಹಾಗಿರಲ್ಲ."

"ಹೋಗು, ಯಾರು ಬೇಡ ಅಂದ್ರು? ನೀನೊಬ್ಬನೇ ಹೋಗು, ಕೋಡ್ ಈಗಲೇ ಓದ್ತೀನಿ. ಗ್ಲೋರಿಯಾ ಇಲ್ಲೇ ಇರ್ತಾಳೆ."

"ಹೆಂಡತಿ ಮಗಳನ್ನ ಬಿಟ್ಟು ನಾನು ಹೇಗೆ..."

"ಹಾಗಾದ್ರೆ ಕೇಳು. ಅವಳಿಗೂ ಹೇಳಿದ್ದೀನಿ. ಅವಳು ಊರು ಬಿಟ್ಟ ಮಾರನೇ ದಿನ ಅಮ್ಮನ್ನ ಹೋಮಿಗೆ ಹಾಕ್ತೀನಿ. ಬೇರೆ ಯಾವುದೋ ಅಲ್ಲ, ಅವಳು ಕೆಲಸ ಮಾಡೋ ಹೋಮಿಗೇ. ಅಲ್ಲಿ ಹೇಗೆ ನೋಡ್ಕೋತಾರೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಫೋನ್ ಇಟ್ಟ.

ಗ್ಲೋರಿಯಾಳಿಗೆ ಗೊತ್ತಿತ್ತು. ಅಲ್ಲಿ ಒಬ್ಬೊಬ್ಬ ಕೆಲಸದವಳಿಗೆ ಒಂದು ಸಾಲು ಮಂಚ; ಒಬ್ಬರು ಗಂಟೆ ಬಾರಿಸಿದಾಗ ಇನ್ನೊಬ್ಬರ ಸೊಂಟದ ಕೆಳಗೆ ಕೈ ಇರುತ್ತದೆ. ಗಂಟೆ ಬಾರಿಸಿ ಬಾರಿಸಿ ಸುಮ್ಮನಾದವರ ಹಾಸಿಗೆಯನ್ನು ಕೊನೆಗೆ ಬದಲಾಯಿಸುವುದು ಅಲ್ಲಿಯ ರೂಢಿ, ಅವರು ಹೇಗೂ ಸುಮ್ಮನಾಗಿದ್ದಾರಲ್ಲ. ಇದನ್ನೆಲ್ಲ ಅವಳೇ ಗಂಡನಿಗೆ ಹೇಳಿದ್ದಳು, ದೂರಲೆಂದಲ್ಲ, ಆಯಾಸಕ್ಕೆ.

ಶುಕ್ರವಾರ ಬೆಳಿಗ್ಗೆ ಮರ್ವಿನ್ ಪೂಜೆಗೆ ಹಾಕುವ ಅಂಗಿಗೆ ಇಸ್ತ್ರಿ ಹಾಕಿಕೊಂಡ. ಬೂಟಿಗೆ ಪಾಲಿಶ್ ಮಾಡಿದ. ಒಂದು ಚೀಲದಲ್ಲಿ ಇದ್ದಬದ್ದ ಕಾಗದವನ್ನೆಲ್ಲ ತುಂಬಿ, ಅದರಡಿಯಲ್ಲಿ ಒಂದು ಜೊತೆ ಬಟ್ಟೆ, ಟೂತ್‌ಬ್ರಷ್, ಜಪಮಾಲೆ ಇಟ್ಟುಕೊಂಡ. ಹಿಡಿದುಕೊಂಡು ಹೋದರೆ ಬಸಣ್ಣನ ಹಾಗೆ ಲುಂಗಿಯಲ್ಲಿ ಹೋಗಬಾರದು.

ಸರ್ಕಾರಿ ಆಫೀಸಿನಲ್ಲಿ ಸರದಿ ಉದ್ದಕ್ಕಿತ್ತು. ಅವನ ನಂಬರ್ ಬರುವಾಗ ಮಧ್ಯಾಹ್ನ ಕಳೆದಿತ್ತು. ಕೌಂಟರಿನ ಹೆಂಗಸು ಪಾಸ್‌ಪೋರ್ಟ್ ನೋಡಿದಳು, ಮುಖ ನೋಡಿದಳು, ಪರದೆ ನೋಡಿದಳು.

"ಇಲ್ಲಿರೋ ಮೊಬೈಲ್ ನಿಮ್ಮದಲ್ಲವಾ?"

ಮರ್ವಿನ್ ಎದ್ದು ನಿಂತ. ಕೂತು ಹೇಳುವ ಮಾತಲ್ಲ ಅನ್ನಿಸಿತು. "ಅಲ್ಲ ಮೇಡಂ. ಹೆಂಡತಿಯ ಅಣ್ಣನದು. ಮೊದಲಿಂದಲೂ. ನನಗೆ ಗೊತ್ತಿತ್ತು. ತಪ್ಪು ನನ್ನದೇ."

"ನಿಮ್ಮ ನಂಬರ್ ಹೇಳಿ."

ಹೇಳಿದ. ಅವಳು ಒತ್ತಿದಳು. ಪಕ್ಕದ ಕಪ್ಪಿನಿಂದ ಒಂದು ಗುಟುಕು ಕಾಫಿ ಕುಡಿದಳು.

"ಆಯ್ತು. ಇನ್ನೇನಾದರೂ?"

"ಅಷ್ಟೇನಾ?"

"ಅಷ್ಟೇ, ಡಾರ್ಲ್. ಹ್ಯಾವ್ ಎ ಗುಡ್ ಆಫ್ಟರ್‌ನೂನ್."

ಅವನು ಚೀಲ ಎತ್ತಿಕೊಂಡು ಹೊರಗೆ ಬಂದು ಕಾರಿನಲ್ಲಿ ಕೂತ. ಸಂತೋಷ ಆಗಬೇಕಿತ್ತು, ಮೊದಲು ಬಂದದ್ದು ಸಿಟ್ಟು. ಇಷ್ಟೇ ಇತ್ತು. ಬೇಲಿಯ ಬಣ್ಣ, ಗಟಾರದ ಎಲೆ, ಡಾಕ್ಟರಿಗೆ ಥ್ಯಾಂಕ್ಸ್, ಎಲ್ಲ ಇಷ್ಟಕ್ಕೇ. ಸಿಟ್ಟು ಬ್ಯಾಪ್ಟಿಸ್ಟ್ ಮೇಲೆ ಹೊರಟು, ದಾರಿಯುದ್ದಕ್ಕೂ ಬೆಳೆದು, ಆ ಮನೆಯವರೆಲ್ಲರ ಮೇಲೂ ಹರಡಿತು. ದಾರಿಯ ಬಂಕಿನಲ್ಲಿ ನಿಲ್ಲಿಸಿ ಪೆಟ್ರೋಲ್ ಹಾಕಿಸಿ, ಅಲ್ಲೇ ಫೋನಿನಲ್ಲಿ ಖಾತೆ ತೆರೆದು ನೋಡಿದ. ಕೋಡ್ ಬಂತು, ತನ್ನ ಕೈಯೊಳಗೇ ಬಂತು. ಅಡಿಲೇಡಿನ ಕೆಲಸ ಅಲ್ಲೇ ಇತ್ತು. ಹೆಂಡತಿಯ ಸಂಬಳ, ಅವಳ ಕೆಲಸದ ಜಾಗದ ನಂಬರು ಕೇಳುತ್ತಿತ್ತು. ಅದು ಅವಳ ಪೇಸ್ಲಿಪ್ಪಿನಲ್ಲಿದೆ. ಫೋನ್ ಮಾಡಿ ಕೇಳಬಹುದಿತ್ತು. ಅವಳ ಮುಖದೆದುರು ಒತ್ತಬೇಕು ಅನ್ನಿಸಿತು.

ಮನೆಗೆ ಬಂದಾಗ ನಾಲ್ಕಕ್ಕೆ ಸ್ವಲ್ಪ ಇತ್ತು. ಗ್ಲೋರಿಯಾ ತಾಯಿಯ ಒಗೆದ ನೈಟಿಗಳನ್ನು ಮಡಚಿ ಬುಟ್ಟಿಗೆ ಹಾಕುತ್ತಿದ್ದಳು, ಅಣ್ಣನ ಮನೆಗೆ ಹೊರಡುವವಳು.

"ನಂಬರ್ ಬದಲಾಯಿಸಿಕೊಂಡು ಬಂದೆ," ಅಂದ. "ಕೇಸೂ ಇಲ್ಲ ಏನೂ ಇಲ್ಲ. ಒಂದು ಗುಟುಕು ಕಾಫಿ ಕುಡಿಯೋ ಹೊತ್ತಿಗೆ ಆಯ್ತು. ಗೊತ್ತಿತ್ತು ಅವನಿಗೆ. ಕಳ್ಳ."

"ಹಾಗೆಲ್ಲ ಅನ್ನಬೇಡ."

"ಯಾಕೆ ಅನ್ನಬಾರದು? ನೀನು ಅವನಿಗೆ ಚಾಡಿ ಹೇಳಬಹುದು, ನಾನು ಅನ್ನಬಾರದಾ? ಪೇಸ್ಲಿಪ್ ಕೊಡು."

ಅವಳು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಅವನು ಲ್ಯಾಪ್‌ಟಾಪ್ ತೆರೆದ. ಅವಳು ಮಡಚುತ್ತಲೇ ಅಂದಳು, "ನಾನು ಅವನಿಗೆ ಹೇಳಿದ್ದು ಅಮ್ಮನ್ನ ನೋಡ್ಕೊಳ್ಳೋಕೆ ಯಾರನ್ನಾದ್ರೂ ಇಡಲಿ ಅಂತ. ಚಾಡಿ ಅಲ್ಲ. ಅವನು ಹೋಮಿಗೆ ಹಾಕ್ತೀನಿ ಅಂತಾನೆ ಮರ್ವಿನ್."

"ಹಾಕಲಿ."

"ನಮ್ಮ ಹೋಮಿಗೆ."

"ಹಾಕಲಿ ಅಂದೆ. ಇನ್ನೆಷ್ಟು ದಿನ ಬದುಕ್ತಾಳೆ ಆ ಮುದುಕಿ? ಅರ್ಧ ಸತ್ತಾಗಿದೆ. ಎಲ್ಲಿ ಮಲಗಿ ಉಚ್ಚೆ ಹೊಯ್ದರೆ ಏನು, ಅವಳಿಗೆ ಗೊತ್ತಾಗುತ್ತಾ? ಗಂಟೆ ಬಾರಿಸ್ತಾ ಬಿದ್ದಿರಲಿ ಅಲ್ಲೇ. ಮಗನಿಗೆ ಬೇಡವಾದ ಹೆಣ ಹೊತ್ತುಕೊಂಡು ನನ್ನ ಮಗಳು, ನಾನು ಯಾಕೆ ಸಾಯಬೇಕು?"

ಗ್ಲೋರಿಯಾಳ ಕೈಯಲ್ಲಿದ್ದ ನೈಟಿ ಅರ್ಧ ಮಡಚಿದಂತೆಯೇ ನಿಂತಿತು. ಅವನು ಪಾಸ್‌ವರ್ಡ್ ಒತ್ತಿದ. ಮೇಜಿನ ಆ ತುದಿಯಲ್ಲಿ, ಅವಳ ಕಡೆಗೆ, ಅವನ ಫೋನ್ ಮಿಣುಕಿತು.

"ಓದು," ಅಂದ, ಪರದೆಯಿಂದ ಕಣ್ಣೆತ್ತದೆ.

ಅವಳು ಫೋನ್ ಎತ್ತಿಕೊಂಡಳು. "ಇನ್ಮೇಲೆ ಕೋಡ್ ಇದಕ್ಕೊಂದಕ್ಕೇ ಬರುತ್ತಾ?"

"ಇದಕ್ಕೊಂದಕ್ಕೇ. ಓದು ಬೇಗ."

"ಎರಡು," ಅಂದಳು. "ಸೊನ್ನೆ."

ಅವನು ಎರಡು ಒತ್ತಿದ, ಸೊನ್ನೆ ಒತ್ತಿದ. ಕಾದ. ತಲೆ ಎತ್ತಿದಾಗ ಅವಳು ಫೋನನ್ನು ಬುಟ್ಟಿಯೊಳಗೆ, ನೈಟಿಗಳ ನಡುವೆ ಇಡುತ್ತಿದ್ದಳು. ಬುಟ್ಟಿ ಸೊಂಟಕ್ಕೆ ಏರಿಸಿ ಕಾರಿನ ಕೀಲಿ ತೆಗೆದುಕೊಂಡಳು.

"ಗ್ಲೋರಿಯಾ."

"ಅಮ್ಮನ ಸ್ನಾನದ ಹೊತ್ತಾಯ್ತು."

"ಐದಕ್ಕೆ ಮುಚ್ಚುತ್ತೆ ಅದು. ಫೋನ್ ಕೊಟ್ಟು ಹೋಗು."

"ಗೊತ್ತಿದೆ ಐದಕ್ಕೆ ಅಂತ."

ಅವನು ಎದ್ದು ಹೋಗಿ ಅವಳ ಮಣಿಕಟ್ಟು ಹಿಡಿದ. ಬಲವಾಗಿಯೇ ಹಿಡಿದ. ಅವಳು ಬಿಡಿಸಿಕೊಳ್ಳಲು ನೋಡಲಿಲ್ಲ, ಅವನ ಬೆನ್ನ ಹಿಂದಕ್ಕೆ ನೋಡಿದಳು. ಸ್ಕೂಲ್ ಬ್ಯಾಗ್ ಹೆಗಲಿನಲ್ಲೇ ಇಟ್ಟುಕೊಂಡು ವೆನೆಸ್ಸಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮರ್ವಿನ್ ಕೈ ಬಿಟ್ಟ.

"ಅಡುಗೆಮನೇಲಿ ಅನ್ನ ಇದೆ, ತಿನ್ನು ಪುಟ್ಟಾ," ಅಂದು ಗ್ಲೋರಿಯಾ ಹೊರಟುಹೋದಳು. ಕಾರು ಹಿಂದಕ್ಕೆ ಸರಿದು ರಸ್ತೆಗಿಳಿದ ಸದ್ದು ಕೇಳಿತು.

ಪರದೆಯ ಮೇಲೆ ಎರಡು ಅಂಕಿ, ನಾಲ್ಕು ಖಾಲಿ ಚೌಕ. ಮರ್ವಿನ್ ಇನ್ನೊಂದು ಕೋಡ್ ತರಿಸಿದ. ಎಲ್ಲೋ ದಾರಿಯ ಮೇಲೆ ನೈಟಿಗಳ ನಡುವೆ ಅದು ಬಂದಿರಬೇಕು. ಅಂದಾಜಿನ ಮೇಲೆ ಒಂದೆರಡು ಸಲ ಏನೇನೋ ಒತ್ತಿದ. ಮತ್ತೊಮ್ಮೆ ತಪ್ಪಿದರೆ ಖಾತೆಗೆ ಬೀಗ ಬೀಳುತ್ತದೆ ಎಂದು ಬಂತು, ಕೈ ಹಿಂತೆಗೆದ. ಕೌಂಟರ್ ಮುಚ್ಚುವ ಹೊತ್ತು, ಕಾರೂ ಇಲ್ಲ. ಮಗಳ ಫೋನ್ ಕೇಳಿ ತೆಗೆದುಕೊಂಡು ಏಜೆನ್ಸಿಗೆ ಮಾಡಿದ. ಆ ಹೆಂಗಸು ಮೊದಲು ಹೇಳಿದ್ದನ್ನೇ ಹೇಳಿದಳು, ಒಳ್ಳೆಯ ವಾರಾಂತ್ಯ ಕಳೆಯಿರಿ ಅಂದಳು. ಬಾಲಕೃಷ್ಣನ ನಂಬರ್ ಬಾಯಿಪಾಠ ಇರಲಿಲ್ಲ, ಅದೂ ಆ ಫೋನಿನಲ್ಲೇ ಇತ್ತು.

ಗ್ಲೋರಿಯಾಳಿಗೆ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ವೆನೆಸ್ಸಾ ಮೇಜಿನ ಆ ಕಡೆ ತಟ್ಟೆಯ ಮುಂದೆ ಕೂತು ಅನ್ನವನ್ನು ಚಮಚದಲ್ಲಿ ಅತ್ತಿತ್ತ ಸರಿಸುತ್ತಿದ್ದಳು. ಅಜ್ಜಿಯ ಬಗ್ಗೆ ಅಪ್ಪ ಹೇಳಿದ್ದು ಅವಳಿಗೆ ಪೂರ್ತಿ ಅರ್ಥವಾಗಿತ್ತು. ಕನ್ನಡದಲ್ಲಿ ಉತ್ತರ ಕೊಡಲು ಬಾರದಿದ್ದರೂ ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು.

ಐದಕ್ಕೆ ಇನ್ನೂ ಸ್ವಲ್ಪ ಇರುವಾಗ ಆ ಕಡೆ ಎತ್ತಿದಳು. ನೀರು ಬೀಳುವ ಸದ್ದು, ಬಚ್ಚಲ ಗೋಡೆಗಳ ಗುಂಯಿಗುಡುವಿಕೆ. ಸ್ಪೀಕರಿಗೆ ಹಾಕಿ ಎಲ್ಲೋ ಮೇಲೆ ಇಟ್ಟಿದ್ದಾಳೆ ಎಂದು ತಿಳಿಯಿತು.

"ಗ್ಲೋರಿಯಾ, ಆಗ ಅಂದಿದ್ದು ತಪ್ಪು. ಸಿಟ್ಟಲ್ಲಿ ಬಂತು. ಅಮ್ಮನ್ನೂ ಅಡಿಲೇಡಿಗೆ ಕರ್ಕೊಂಡು ಹೋಗೋಣ, ನಮ್ಮ ಜೊತೇಲೇ ಇರಲಿ. ನಾನು ಹಗಲು ಮನೇಲಿರ್ತೀನಿ, ನಾನೇ ನೋಡ್ಕೋತೀನಿ. ಈಗ ಹೊಸದೊಂದು ಕಳಿಸಿದ್ದೀನಿ, ಅದನ್ನ ಓದಿಬಿಡು. ಆರೇ ಅಂಕಿ."

ನೀರು ಬೀಳುತ್ತಲೇ ಇತ್ತು.

"ಕೇಳಿಸ್ತಿದೆಯಾ?"

"ಕೈ ಒದ್ದೆ ಇದೆ," ಅಂದಳು ಗ್ಲೋರಿಯಾ. ದನಿಯಲ್ಲಿ ಸಿಟ್ಟಿರಲಿಲ್ಲ. ಹೋಮಿನಲ್ಲಿ ಗಂಟೆ ಬಾರಿಸಿದವರಿಗೆ ಬಾಗಿಲಿಂದಲೇ ಹೇಳುವ ದನಿ. "ಅಮ್ಮನ ತಲೆಗೆ ಸೋಪು ಹಾಕಿದ್ದೀನಿ. ನಡುವೆ ಬಿಟ್ಟು ಬರಕ್ಕಾಗಲ್ಲ."

"ಒರೆಸ್ಕೊಂಡು ಓದೇ. ಒಂದು ನಿಮಿಷದ ಕೆಲಸ. ನಿನ್ನ ಕಾಲು ಹಿಡೀತೀನಿ."

ಯಾರೋ ಕೆಮ್ಮಿದರು. ಆಮೇಲೆ ಪಾರ್ಶ್ವವಾಯುವಿನಲ್ಲಿ ಸೊಟ್ಟಗಾದ ಬಾಯಿಂದ ಐಡಾ ಏನೋ ಕೇಳಿದಳು. ಎರಡನೇ ಸಲ ಕೇಳಿದಾಗ ಮರ್ವಿನ್‌ಗೂ ತಿಳಿಯಿತು. ಯಾರದು ಮಗಾ, ಯಾರು ಮಾತಾಡ್ತಿರೋದು ಎಂದು ಕೇಳುತ್ತಿದ್ದಳು.

"ಯಾರೂ ಇಲ್ಲಮ್ಮ," ಅಂದಳು ಗ್ಲೋರಿಯಾ. "ಕಣ್ಣು ಮುಚ್ಚಿಕೋ, ನೀರು ಹಾಕ್ತೀನಿ."